ಅಕ್ಕೋರ ಉದ್ಯೋಗ

ಮನೆಮನೆ ಸಮೀಕ್ಷೆಗೆಂದು ಯಂಕಂಚಿಗೆ ಹೋದಾಗ ಅಂಗನವಾಡಿ ಅಕ್ಕೋರ ಮನೆಗೆ ಬೀಗ ಬಿದ್ದಿತ್ತು. ಅವರನ್ನು ಹುಡುಕಿಕೊಂಡು ಅಂಗನವಾಡಿಗೇ ಹೋದೆ. ಹದಿನೆಂಟು ಮಕ್ಕಳಿಗೆ ಅನ್ನ ಸಾರು ಬಡಿಸುತ್ತಲೇ ಅವರು ನನ್ನ ಪ್ರಶ್ನೆಗಳಿಗೆ ಉತ್ತರಿಸಿದರು.

ಉದ್ಯೋಗದ ಪ್ರಶ್ನೆ ಬಂತು.

“ಸರ್ಕಾರಿ ನೌಕರಿ ಅಂತ ಹಾಕ್ರಿ. ಮೂವತ್ತು ವರ್ಷ ಆತು,” ಎಂದರು.

ಹಾಕಿದೆ. ಮೊಬೈಲಿನ ಸಮೀಕ್ಷೆ ಆ್ಯಪ್ ನೌಕರರ ಗುರುತಿನ ಸಂಖ್ಯೆ ಕೇಳಿತು.

“ಅದೆಲ್ಲಿಂದ ತರೂದ್ರಿ? ನಮಗ ಕೊಡೂದು ಪಗಾರ ಅಲ್ಲ, ಗೌರವಧನ. ನೌಕರರು ಅಂತ ನಮಗ ಯಾರೂ ಬರದು ಕೊಟ್ಟಿಲ್ಲ.”

ಸಂಖ್ಯೆಯಿಲ್ಲದೆ ಮೊಬೈಲು ಮುಂದಕ್ಕೆ ಹೋಗಲಿಲ್ಲ. ಖಾಸಗಿ ನೌಕರಿ ಎಂದು ಒತ್ತಿದರೆ ಮಾಲೀಕರ ಹೆಸರು ಕೇಳಿತು. ಉಳಿದದ್ದು ಎರಡೇ: ಕೂಲಿ, ಇಲ್ಲವೇ ನಿರುದ್ಯೋಗಿ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

“ಕೂಲಿ ಅಂತ ಹಾಕ್ಲೇನ್ರಿ?”

ಅಕ್ಕೋರು ಒಂದು ಕೂಸಿನ ಮೂಗನ್ನು ಸೆರಗಿನಿಂದ ಒರೆಸಿದರು.

“ಸಿಂದಗಿ ಸಾಲ್ಯಾಗ ಒಬ್ಬಾಕಿ ಟೀಚರ್ ಅದಾಳ್ರಿ. ಆಕಿ ಕೈ ಹಿಡಿದು ಅ, ಆ ತಿದ್ದಿಸಿದಾಕಿ ನಾನು. ಆಕಿಗೆ ಪಗಾರ ಐತಿ, ರಜಾ ಐತಿ. ನನಗ ಬರೋ ವರ್ಷ ಅರವತ್ತು ತುಂಬತಾವ, ಮನಿಗೆ ಹೋಗ್ತೇನಿ. ನಿಮಗ ಯಾವುದು ಸರಳ ಆಗ್ತೈತೋ ಅದನ್ನ ಒತ್ರಿ.”

ಕೂಲಿ ಎಂದು ಒತ್ತಿದರೆ ಜಾಬ್ ಕಾರ್ಡಿನ ಸಂಖ್ಯೆ ಕೇಳಿತು. ನಿರುದ್ಯೋಗಿ ಎಂದು ಒತ್ತಿದೆ. ತಟ್ಟನೆ ಮುಂದಿನ ಪುಟ ತೆರೆಯಿತು. ಅಲ್ಲಿದ್ದದ್ದು ಕೊನೆಯ ಪ್ರಶ್ನೆ: ‘ನೀವು ಸಮಾಜಸೇವೆ ಮಾಡುತ್ತೀರಾ?’

ಓದಿ ಹೇಳಿದೆ. ಅಕ್ಕೋರು ಅನ್ನದ ಪಾತ್ರೆ ಎತ್ತಿಕೊಂಡು, “ಹೂಂ ಅನ್ರಿ,” ಎಂದರು.

ಅದಕ್ಕೂ ಮೊಬೈಲು ಯಾವ ಪುರಾವೆಯನ್ನೂ ಕೇಳಲಿಲ್ಲ.