ಹಮಾಲನ ಮನೆಯ ಬಿಸಿ ರೊಟ್ಟಿ

ಶಾಲೆ ಅರ್ಧಕ್ಕೆ ಬಿಟ್ಟು ಹಮಾಲಿಗೆ ನಿಂತವನು ನಾನು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊತ್ತೇ ಮನೆ ಕಟ್ಟಿದ್ದೇನೆ, ಯಾರ ಮುಂದೂ ಕೈಯೊಡ್ಡಿಲ್ಲ. ಹುಟ್ಟಿದ್ದು ಯಲಬುರ್ಗಾ ಕಡೆಯ ಜೋಳದ ಸೀಮೆಯಲ್ಲಿ, ಬಾಳಿದ್ದು ಕಾಲುವೆ ನೀರಿನ ಈ ಭತ್ತದ ಸೀಮೆಯಲ್ಲಿ. ಹೆಂಡತಿ ಇಲ್ಲೇ ಹತ್ತಿರದ ಸಿದ್ದಾಪುರದವಳು. ಅವಳ ತವರಿನಲ್ಲಿ ಎರಡೂ ಹೊತ್ತು ಅನ್ನ. ರೊಟ್ಟಿ ಬಡಿಯಲು ಅವಳಿಗೆ ಬರುವುದಿಲ್ಲ. ಅವ್ವ ಇದ್ದಾಗ ಊರಿಂದ ಬಂದು ನಾಲ್ಕು ದಿನ ಉಳಿದು, ಒಲೆಯ ಮುಂದೆ ಕುಳಿತು ಬಡಿದು ಹಾಕುತ್ತಿದ್ದಳು. ಅವ್ವ ಹೋದಳು, ಅದೂ ನಿಂತಿತು. ಅಂಗಡಿಯ ಕಡಕ್ ರೊಟ್ಟಿ ತಂದು ತಿಂದದ್ದುಂಟು. ಆದರೆ ನನ್ನ ಜೀವ ಬೇಡುತ್ತಿದ್ದುದು ಹಂಚಿನಿಂದ ನೇರ ತಾಟಿಗೆ ಬೀಳುವ, ಹರಿದರೆ ಹಬೆಯಾಡುವ ರೊಟ್ಟಿಯನ್ನು.

ನನಗೆ ಸಕ್ಕರೆ ಕಾಯಿಲೆ ಶುರುವಾದ ವರ್ಷವೇ ನಮ್ಮ ಓಣಿಗೆ ಆರೋಗ್ಯದ ಕಾರ್ಯಕ್ರಮವೊಂದು ಬಂತು. ಅನ್ನ ಕಡಿಮೆ ಮಾಡಿ, ಜೋಳ, ನವಣೆ ಉಣ್ಣಿ, ದಿನಾ ನಡೆಯಿರಿ ಎಂದರು. ಹೆಂಗಸರನ್ನು ಕೂಡಿಸಿ ನವಣೆ ಉಪ್ಪಿಟ್ಟು, ಜೋಳದ ದೋಸೆ ಮಾಡಿ ತೋರಿಸಿದರು. ರೊಟ್ಟಿಯನ್ನು ಮಾತ್ರ ಕಲಿಸಲಿಲ್ಲ. ಈ ಕಡೆಯವರಿಗೆ ರೊಟ್ಟಿ ಏನು ಕಲಿಸುವುದು ಎಂದುಕೊಂಡಿರಬೇಕು.

ಮುಂದಿನ ವರ್ಷ, ಅದರಿಂದ ಜನರಿಗೆ ಉಪಯೋಗವಾಯಿತೋ ಇಲ್ಲವೋ ನೋಡಲು ಕೊಪ್ಪಳದಿಂದ ಒಬ್ಬ ಹುಡುಗಿ ಮನೆಮನೆಗೆ ಬಂದಳು. ನಮ್ಮ ಪಡಸಾಲೆಯಲ್ಲಿ ಕುಳಿತು ಕೇಳತೊಡಗಿದಳು.

"ವ್ಯಾಯಾಮ ಮಾಡ್ತೀರೇನ್ರಿ ಕಾಕಾ?"

"ಚೀಲ ಹೊರ್ತೀನಿ."

"ಅದಲ್ರಿ, ಮುಂಜಾನೆ ವಾಕಿಂಗ್ ಗೀಕಿಂಗ್?"

"ಲಾರಿಯಿಂದ ಗೋದಾಮಿಗೆ ದಿನಾ ವಾಕಿಂಗನ ಐತ್ರಿ. ಬರಿಗೈಲೆ ಅಡ್ಡಾಡಿದ್ರ ಮಂದಿ ನನಗ ಕೆಲಸಿಲ್ಲ ಅಂತ ತಿಳ್ಕೋತಾರ."

ಹುಡುಗಿ ನಕ್ಕಳು. "ಮತ್ತ ಊಟಕ್ಕ ಏನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು, "ದಿನಾ ರೊಟ್ಟಿನ ರೀ ಅಕ್ಕಾರ. ಬಿಸಿಬಿಸಿ ಬಡಿದು ಹಾಕ್ತೀನಿ."

ಬಂದವರೆದುರು ಮನೆಯ ಕೊರತೆ ಆಡುವವಳಲ್ಲ ಅವಳು. ಆದರೆ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದಳು.

"ಯಾವಾಗ ಬಡೀತಿ ವೈನಿ? ನಮ್ಮ ನಿಮ್ಮ ಮನಿಗೆ ನಡುವ ಒಂದ ಗ್ವಾಡಿ. ಒಂದಿನಾನೂ ಸಪ್ಪಳ ಕೇಳಿಲ್ಲ! ಅಕ್ಕಾರಿಗೆ ಒಂದು ಬಡಿದು ತೋರ್ಸು, ನಾವೂ ನೋಡೂಣು."

ಹೆಂಡತಿಯ ಮುಖ ಸಣ್ಣದಾಯಿತು. ಆದರೂ ಎದ್ದು ಒಲೆ ಹಚ್ಚಿ ಎಸರಿಟ್ಟಳು, ದೋಸೆಗೆಂದು ತಂದಿದ್ದ ಜೋಳದ ಹಿಟ್ಟಿನ ಡಬ್ಬಿ ಇಳಿಸಿದಳು. ನಾದುವ ಪರಾತಕ್ಕೆ ಹಿಟ್ಟು ಸುರಿದು, ಮುಂದೇನೆಂದು ತಿಳಿಯದೆ ನನ್ನ ಕಡೆ ನೋಡಿದಳು.

"ನೀ ಅತ್ಲಾಗ ಸರಿ," ಎಂದು ಪರಾತದ ಮುಂದೆ ನಾನೇ ಕುಳಿತೆ.

"ಅಯ್ಯ ಶಿವನ! ಅಣ್ಣ ಪರಾತ ಹೊತಗೊಂಡು ಲಾರಿಗೆ ಹಾಕ್ತಾನೋ ಏನೋ!" ಎಂದಳು ಪಕ್ಕದಾಕೆ.

ಅಂದಾಜಿಗೆ ಎಸರು ಸುರಿದು ಹಿಟ್ಟು ನಾದಿದೆ. ಅವ್ವನ ಕೈ ಹೇಗೆ ಬೀಳುತ್ತಿತ್ತು, ಬೆರಳು ಅಂಚನ್ನು ಹೇಗೆ ತಿರುಗಿಸುತ್ತಿದ್ದವು, ಎಲ್ಲ ಕಣ್ಣಲ್ಲಿತ್ತು. ನನ್ನ ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಮೊದಲನೆಯದು ಅಂಚಿನಲ್ಲಿ ಸೀಳಿತು. ಎರಡನೆಯದನ್ನು ಹೇಗೋ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದೆ. ಉಬ್ಬಲಿ ಎಂದು ಕಾದೆ. ಅವ್ವನ ರೊಟ್ಟಿ ಉಸಿರೆಳೆದಂತೆ ಪೂರ್ತಿ ಮೇಲೇಳುತ್ತಿತ್ತು. ನನ್ನದು ಒಂದು ಮೂಲೆಯಲ್ಲಿ ಎದ್ದು ಕುಸಿಯಿತು.

ಹುಡುಗಿ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. "ಛಲೋ ಆಗೇತ್ರಿ ಕಾಕಾ. ಈಗ ಖರೇ ಹೇಳ್ರಿ, ನಾ ಏನಂತ ಬರಕೊಳ್ಳಲಿ?"

ಹೆಂಡತಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದಳು, "ನನಗ ಬಡಿಯಾಕ ಬರಂಗಿಲ್ರಿ. ಅನ್ನಾನ ಮಾಡ್ತೀನಿ."

"ಯಾರರ ಕಲಿಸಿದ್ರ ಮಾಡ್ತಿದ್ರೇನ್ರಿ?"

"ಮಾಡ್ತಿದ್ದೆ. ಇಷ್ಟು ವಯಸ್ಸಾದ ಮ್ಯಾಲ ರೊಟ್ಟಿ ಬರಂಗಿಲ್ಲ ಅಂತ ಯಾರ ಮುಂದ ಹೇಳ್ಲಿ?"

ಹುಡುಗಿ ಅದನ್ನೇ ಬರೆದುಕೊಂಡಳು. ಪಕ್ಕದಾಕೆಗೂ ನಗಲು ಏನೂ ಉಳಿಯಲಿಲ್ಲ; ಇಬ್ಬರೂ ಹೊರಟರು.

ಬಾಗಿಲು ಮುಂದೆ ಮಾಡಿ ಬಂದ ಹೆಂಡತಿ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. "ಹಿಟ್ಟಿಗೆ ಎಸರು ಎಷ್ಟು ಹಾಕಬೇಕ್ರಿ? ಹೇಳ್ರಿ, ನಾನ ಬಡೀತೀನಿ."

ಹೇಳಲು ನನಗೆ ಗೊತ್ತಿರಲಿಲ್ಲ. ಅವ್ವ ನೋಡದೆಯೇ ಸುರಿಯುತ್ತಿದ್ದಳು. ಉಣ್ಣುವ ಅವಸರದಲ್ಲಿ ನಾನು ಒಂದು ದಿನವಾದರೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಇಲ್ಲದ ಅವ್ವನನ್ನು ಎಲ್ಲಿ ಅಂತ ಹುಡುಕಲಿ?

"ಹಾಕ್ತಾ ಹೋಗು, ನೋಡೂಣು," ಎಂದೆ.

ಅವಳು ಬಡಿದಳು. ಹರಿಯಿತು. ಕೂಡಿಸಿ ಮತ್ತೆ ಬಡಿದಳು. ಕೊನೆಗೆ ದಪ್ಪಗೆ, ಸೊಟ್ಟಗೆ ಒಂದು ರೊಟ್ಟಿ ಹಂಚಿನಿಂದ ನನ್ನ ತಾಟಿಗೆ ಬಿತ್ತು. ಶೇಂಗಾ ಚಟ್ನಿ ಹಚ್ಚಿ ತುತ್ತು ಮುರಿದೆ. ಹಬೆಯ ವಾಸನೆ ಮೂಗಿಗೆ ಬಡಿದಾಗ ಒಂದು ಗಳಿಗೆ ಅವ್ವ ಅಲ್ಲೇ ಇದ್ದಂತಾಯಿತು. ಬಾಯಿಗಿಟ್ಟರೆ ಅವ್ವನ ರೊಟ್ಟಿಯಾಗಿರಲಿಲ್ಲ.

"ಹೆಂಗಾಗೇತ್ರಿ?" ಎಂದಳು ಅವಳು, ನನ್ನ ಮುಖವನ್ನೇ ನೋಡುತ್ತ.

"ಇನ್ನೊಂದು ಹಾಕು," ಎಂದು ತಾಟು ಮುಂದೆ ಸರಿಸಿದೆ.