ಗದ್ದದ ಮೇಲಿನ ಹೆಸರು

ಆನವಟ್ಟಿಯ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಸದಾಶಿವಪ್ಪನವರ ಮೆಕ್ಕೆಜೋಳದ ಮಂಡಿ. ಮಂಡಿಯ ಹಿಂದೆಯೇ ಮನೆ. ಅವರ ಮಗ ಚನ್ನೇಶ್ ಹುಟ್ಟುಕಿವುಡ, ಹಾಗಾಗಿ ಮಾತೂ ಬರಲಿಲ್ಲ. ಚಿಕ್ಕವನಿದ್ದಾಗ ದೂರದ ಒಂದು ವಸತಿ ಶಾಲೆಗೆ ಬಿಟ್ಟು ಬಂದಿದ್ದರು. ಹುಡುಗ ಅತ್ತು ಅತ್ತು ಜ್ವರ ಬರಿಸಿಕೊಂಡನೆಂದು ವಾಪಸು ಕರೆತಂದರು. ಅಲ್ಲಿಂದಾಚೆಗೆ ಅವನಿಗೆ ಶಾಲೆ, ಸ್ನೇಹಿತರು ಎಲ್ಲವೂ ಆದವಳು ತಂಗಿ ಗಂಗಾಶ್ರೀ.

ಇಬ್ಬರೂ ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಹಣೆಯ ಮೇಲೆ ಮೂರು ಬೆರಳು ಎಳೆದರೆ ಅಪ್ಪ. ಕಿವಿಯ ಹಾಲೆ ಮುಟ್ಟಿದರೆ ಅವ್ವ. ಚೀಲದ ಹಿಡಿಕೆ ಹಿಡಿದಂತೆ ಮುಷ್ಟಿ ತೂಗಿದರೆ ನೆಂಟರು, ಅಂದರೆ ಬಂದು ಉಂಡು ಹೋಗುವವರು. ಗಂಗಾಶ್ರೀ ಎಳೆಯವಳಿದ್ದಾಗ ಮಂಡಿಯ ತಕ್ಕಡಿಯ ಮೇಲೆ ಬಿದ್ದು ಗದ್ದ ಸೀಳಿಕೊಂಡಿದ್ದಳು, ಕಲೆ ಹಾಗೇ ಉಳಿದಿತ್ತು. ಚನ್ನೇಶ್ ತನ್ನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದನೆಂದರೆ ಅದೇ ಅವಳ ಹೆಸರು. ಯಾವ ಗಿರಾಕಿ ಒದ್ದೆ ಜೋಳ ಮೂಟೆಯ ತಳಕ್ಕೆ ತುಂಬಿ ತಂದ, ಅಪ್ಪ ನಿದ್ದೆಯಲ್ಲಿ ಹೇಗೆ ಬಾಯಿ ಬಿಡುತ್ತಾರೆ, ರಾತ್ರಿ ಎಂಥ ಕನಸು ಬಿತ್ತು, ಎಲ್ಲವನ್ನೂ ಆಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಮನೆಯ ಉಳಿದವರಿಗೆ ಗೊತ್ತಿದ್ದದ್ದು ಬಾ, ಉಣ್ಣು, ಹೋಗು ಇಷ್ಟೇ. ಕಲಿಯಲು ಪುರುಸೊತ್ತಿರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಅಗತ್ಯವೇ ಬೀಳಲಿಲ್ಲ. ಚನ್ನೇಶ್ ಏನಾದರೂ ಹೇಳಲು ಕೈ ಎತ್ತಿದ ಕೂಡಲೇ ತಾಯಿ ಬಸವಣ್ಣೆಮ್ಮ ಕೂಗುತ್ತಿದ್ದರು, “ಗಂಗಾನ್ನ ಕರೀರಿ, ಅದೇನಂತೆ ಕೇಳ್ಲಿ.” ಹೆತ್ತ ತಾಯಿಗೂ ಮಗನಿಗೂ ನಡುವೆ ಒಬ್ಬ ದುಭಾಷಿ ಬೇಕಾಯಿತಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಕಸಿವಿಸಿಯಾಗಲಿಲ್ಲ. ಗಂಗಾ ಇದ್ದಳಲ್ಲ.

ಗಂಗಾಶ್ರೀ ಶಿಕಾರಿಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಮುಗಿಸಿದಳು. ಕಥೆ ಸಿಕ್ಕರೆ ಊಟ ಮರೆಯುವ ಹುಡುಗಿ. ಒಂದೇ ಬಗೆಯ ಕಥೆ ಬಂಗಾಳಿಯಲ್ಲಿ ಹೇಗಿದೆ, ಕನ್ನಡದಲ್ಲಿ ಹೇಗಿದೆ ಎಂದು ಹೋಲಿಸಿ ನೋಡುವುದು ಅವಳಿಗೆ ಒಂದು ಹುಚ್ಚು. ಇಂಗ್ಲಿಷ್ ಮೇಷ್ಟ್ರು ನಾಗರಾಜಪ್ಪ ಅವಳಿಂದ ಎರಡು ಕಡೆ ಅರ್ಜಿ ಹಾಕಿಸಿದರು. ತೌಲನಿಕ ಸಾಹಿತ್ಯದ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮನೆಯಲ್ಲೇ ಕೂತು ಓದಬಹುದಿತ್ತು. ಭಾಷಾವಿಜ್ಞಾನಕ್ಕೆ ಹೈದರಾಬಾದಿನಲ್ಲಿ ಎರಡು ವರ್ಷ ಹಾಸ್ಟೆಲ್ ವಾಸ. ಎರಡೂ ಕಡೆ ಸೀಟು ಸಿಕ್ಕಿತು.

“ನಿನ್ನ ಜೀವ ಇರೋದೇ ಸಾಹಿತ್ಯದಾಗೆ. ಅದೂ ಮನೇಲೇ ಇದ್ದು ಓದೋದು. ಇದ್ರಾಗೆ ಯೋಚ್ನೆ ಮಾಡೋದೇನೈತಮ್ಮಾ?” ಎಂದರು ಮೇಷ್ಟ್ರು.

ಗಂಗಾಶ್ರೀ ಫೋನಿನಲ್ಲಿ ಭಾಷಾವಿಜ್ಞಾನದ ಪಠ್ಯಕ್ರಮ ತೆರೆದು ತೋರಿಸಿದಳು. “ಇಲ್ಲಿ ಕಿವುಡರ ಕೈಭಾಷೆ ಕಲಿಸ್ತಾರಂತೆ ಸರ್. ದೇಶದ ತುಂಬ ಆಡೋ ಭಾಷೆ ಅದು. ಕಲ್ತು ಬಂದು ಅಣ್ಣಗೆ ಕಲಿಸ್ತೀನಿ. ಈಗ ಅವನಿಗೆ ನಾನೊಬ್ಳೇ. ನಾಳೆ ನಾನು ಮದ್ವೆ ಆಗಿ ಹೋದ್ರೆ ಅವ ಯಾರ ಹತ್ರ ಮಾತಾಡ್ಬೇಕು?”

“ನೀನು ಕಲ್ತು ಬರೋ ತನಕ?”

“ಎರಡೇ ವರ್ಷ ಅಲ್ವಾ ಸರ್.”

ತನಗೆ ಇಷ್ಟವಾದದ್ದನ್ನು ಬಿಟ್ಟು ಅಣ್ಣನಿಗೆ ಬೇಕಾದದ್ದನ್ನು ಆರಿಸಿಕೊಂಡೆನೆಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಹೊರಡುವ ಮುಂಚೆ ತಾಯಿಗೆ ಒಂದಷ್ಟು ಸನ್ನೆ ಹೇಳಿಕೊಟ್ಟಳು. ಬಸವಣ್ಣೆಮ್ಮ ನಾಚಿ ನಕ್ಕು ಕಲಿತರು, ಸಂಜೆಯೊಳಗೆ ಮರೆತರು. ಮೂಟೆಯ ಬಾಯಿ ಹೊಲಿಯುತ್ತಿದ್ದ ಚನ್ನೇಶನಿಗೆ ವಿಷಯ ತಿಳಿಸಿದಾಗ ಅವನು ದಬ್ಬಳ ಕೆಳಗಿಟ್ಟ. ಗದ್ದ ಹಿಡಿದು, ಆಮೇಲೆ ಬರಿಗೈ ತೆರೆದು ತೋರಿಸಿದ. ನೀನಿಲ್ಲದಿದ್ದರೆ ಹೇಗೆ ಎಂದು ಅದರ ಅರ್ಥ. ಫೋನಿನಲ್ಲಿ ದಿನಾ ಮುಖ ನೋಡಿ ಮಾತಾಡೋಣ ಎಂದು ಅವಳು ಹೇಳಿದಳು. ಅವನು ನಂಬಿದ.

ಮೊದಮೊದಲು ದಿನಾ ಮಾತಾಡಿದರು. ಆಮೇಲೆ ಒಮ್ಮೊಮ್ಮೆ ನೆಟ್‌ವರ್ಕ್ ಕೈಕೊಟ್ಟು ಚನ್ನೇಶನ ಎತ್ತಿದ ಕೈ ಪರದೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಫೋನು ಅಪ್ಪನದು, ಸುಗ್ಗಿಯಲ್ಲಿ ಅದಕ್ಕೆ ಬಿಡುವಿಲ್ಲ. ದೀಪಾವಳಿಗೆ ಬಂದಳು, ಮನೆ ತುಂಬ ಜನ. ಮುಂದಿನ ರಜೆಗಳನ್ನು ಪ್ರಾಜೆಕ್ಟು ನುಂಗಿತು. ಅಣ್ಣ ಹೇಗಿದ್ದಾನೆಂದು ಕೇಳಿದರೆ ಸದಾಶಿವಪ್ಪ, “ಆರಾಮದಾನವ್ವ. ಮೊದಲಿನಂಗೆ ಜನರ ತೋಳು ಜಗ್ಗೋ ಗಲಾಟೆ ಇಲ್ಲ. ಶಾಣ್ಯಾ ಆಗ್ಯಾನೆ,” ಎನ್ನುತ್ತಿದ್ದರು. ಅವಳಿಗೆ ಸಮಾಧಾನವಾಗುತ್ತಿತ್ತು. ಆಗಬಾರದಿತ್ತು.

ಕೈಭಾಷೆಯನ್ನೇನೋ ಅವಳು ಚೆನ್ನಾಗಿಯೇ ಕಲಿತಳು. ಕಿವುಡ ಮಗು ಮನೆಯಲ್ಲಿ ಕಟ್ಟಿಕೊಳ್ಳುವ ಸನ್ನೆಗಳಿಗೂ ಒಂದು ಕಟ್ಟುಪಾಡಿರುತ್ತದೆ, ಆದರೆ ಎದುರಿಗೆ ಆಡುವವರಿಲ್ಲದಿದ್ದರೆ ಅವು ಬಾಡಿಹೋಗುತ್ತವೆ ಎಂದು ತರಗತಿಯಲ್ಲಿ ಹೇಳಿದರು. ಪರೀಕ್ಷೆಯಲ್ಲಿ ಅದನ್ನು ಅಚ್ಚುಕಟ್ಟಾಗಿ ಬರೆದಳು, ಒಳ್ಳೆಯ ಅಂಕವೂ ಬಂತು. ಆ ಮಾತು ಆನವಟ್ಟಿಯ ತಮ್ಮ ಮನೆಗೂ ಸಲ್ಲುತ್ತದೆಂದು ಅವಳಿಗೆ ಹೊಳೆಯಲಿಲ್ಲ.

ಓದು ಮುಗಿಸಿ ಅವಳು ಆನವಟ್ಟಿಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ. ಚನ್ನೇಶ್ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತು ನಕ್ಕ. ಗಿರಾಕಿಗಳನ್ನು ಕಂಡರೆ ನಗುತ್ತಿದ್ದ ನಗು ಅದು. ಗಂಗಾಶ್ರೀ ರಸ್ತೆ ಬದಿಯಲ್ಲೇ ನಿಂತು, ಕಲಿತು ತಂದದ್ದನ್ನೆಲ್ಲ ಎರಡೂ ಕೈಯಲ್ಲಿ ಹೇಳತೊಡಗಿದಳು. ಗುರುತಿಲ್ಲದ ಊರಿನ ಬಸ್ಸನ್ನು ನೋಡುವವನಂತೆ ಅವನು ಆ ಕೈಗಳನ್ನು ನೋಡಿದ. ಅವಳು ಹೊಸದನ್ನು ಬಿಟ್ಟು ಹಳೆಯದಕ್ಕೆ ಬಂದಳು. ರಾತ್ರಿ ಏನು ಕನಸು ಬಿತ್ತು ಎಂದು ಕೇಳಿದಳು. ಅವನ ಕೈ ಅರ್ಧಕ್ಕೆ ಎದ್ದು, ಏನನ್ನೋ ಹುಡುಕಿ, ಕೆಳಗಿಳಿಯಿತು.

ಆಮೇಲೆ ಅವನು ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದ. ಚೀಲದ ಹಿಡಿಕೆ ಹಿಡಿದಂತೆ ಮುಷ್ಟಿ ತೂಗಿದ. ಬೆರಳುಗಳನ್ನು ಬಾಯಿಯ ಹತ್ತಿರ ಒಯ್ದ.

ಬಸವಣ್ಣೆಮ್ಮನ ಮುಖ ಅರಳಿತು. “ನೋಡೇ ಗಂಗಾ, ಈಗ ನಂಗೂ ಅವನ ಮಾತು ತಿಳಿತೈತೆ. ನೆಂಟರು ಬಂದಾರೆ, ಉಣ್ಣಾಕೆ ಹಾಕು ಅಂತಾನೆ.”

ಗಂಗಾಶ್ರೀ ತನ್ನ ಗದ್ದ ಹಿಡಿದು ತೋರಿಸಿದಳು. ಮತ್ತೆ ತೋರಿಸಿದಳು. ಅವನು ಹೌದೆಂಬಂತೆ ತಲೆಯಾಡಿಸಿ, ಅವಳ ಚೀಲ ಇಸಿದುಕೊಂಡು ಮರ್ಯಾದೆಯಿಂದ ಒಳಗೆ ಕರೆದೊಯ್ದ. ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟಳು. ದುಃಖ ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತಳು. ಪಲ್ಯ ಖಾರವಾಯಿತೆಂದುಕೊಂಡು ಚನ್ನೇಶ್ ಓಡಿಹೋಗಿ ನೀರು ತಂದು ಅವಳ ಮುಂದಿಟ್ಟ.