‘ಬರ್ತೇನಿ’ ಎಂಬ ಗುಂಡಿ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೇನಿ’ ಅನ್ನುವುದಿಲ್ಲ. ಅಪ್ಪಿತಪ್ಪಿ ಅಂದರೆ ಮನೆಯ ಹಿರಿಯರು ಗದರಿಸಿ ಮತ್ತೊಮ್ಮೆ ಸರಿಯಾಗಿ ಹೇಳಿಸುತ್ತಾರೆ. ‘ಬರ್ತೇನಿ’ ಅನ್ನಬೇಕು, ಅಂದು ಹೋಗಬೇಕು. ಜಗಳ ಆಡಿ, ಇನ್ನು ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿ ಎದ್ದವನೂ ಚಪ್ಪಲಿ ಮೆಟ್ಟುವಾಗ ‘ಬರ್ತೇನಿ’ ಅಂದೇ ಹೋಗುತ್ತಾನೆ. ನಮ್ಮಪ್ಪನೂ ಹಾಗೆ ಅಂದೇ ಹೋದವನು. ಸೀರೆಯ ಗಂಟು ಕೊಟ್ಟು ಬರಲು ಬನಹಟ್ಟಿಯಿಂದ ಮುಧೋಳಕ್ಕೆ ಹೊರಟ ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ಬರ್ತೇನಿ’ ಅಂದ. ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಆದರೂ ಅವ್ವ ಆ ಮಾತಿನ ಮೇಲಿನ ನಂಬಿಕೆ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳುವ ಧೈರ್ಯ ನಮಗೆ ಇರಲಿಲ್ಲ.

ಅಪ್ಪ ಇನ್ನೂ ಇದ್ದಾಗ, ನನ್ನ ತಮ್ಮ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲ್ಲಿನ ಗೆಳೆಯನೊಬ್ಬನನ್ನು ಕಟ್ಟಿಕೊಂಡು ಒಂದು ಕಂಪ್ಯೂಟರ್ ಆಟ ಮಾಡಿದ್ದ. ಗೆಳೆಯ ಬಿಹಾರದ ಕಡೆಯವನು, ಕನ್ನಡದ ಗಂಧಗಾಳಿ ಇಲ್ಲ. ಕಥೆ, ಚಿತ್ರ, ಮಾತು ತಮ್ಮನದು. ಅದನ್ನೆಲ್ಲ ಓಡಿಸುವ ಕೋಡ್ ಗೆಳೆಯನದು. ಬನಹಟ್ಟಿಯ ನಮ್ಮ ಮನೆಯೇ ಆಟದ ಮನೆ. ಮುಂದೆ ಪಡಸಾಲೆ, ಮಗ್ಗುಲಿಗೆ ಪಾವರ್‌ಲೂಮಿನ ಶೆಡ್ಡು, ಹಿಂದೆ ಅಡುಗೆಮನೆ. ಆಡುವವನು ಮನೆಯೆಲ್ಲ ಹುಡುಕಿ ಕಳೆದುಹೋದ ಲಾಳಿಯನ್ನು ಮಗ್ಗಕ್ಕೆ ತಂದುಕೊಡಬೇಕು, ಅಷ್ಟೇ ಕಥೆ. ಮಗ್ಗದ ಸದ್ದು ನಮ್ಮ ಶೆಡ್ಡಿನದೇ. ಅಡುಗೆಮನೆಯಿಂದ ಕೇಳುವ ದನಿ ಅವ್ವನದು. ತಮ್ಮ ಒಲೆಯ ಮುಂದೆ ಮೊಬೈಲ್ ಹಿಡಿದು ಕುಳಿತು, ಮನೆಗೆ ಬಂದವರಿಗೆ ನೀನು ದಿನಾ ಏನು ಅಂತಿಯೋ ಅದನ್ನೇ ಅನ್ನು ಎಂದು ಹೇಳಿದ್ದ. ಅವ್ವ ಸೆರಗು ಸರಿ ಮಾಡಿಕೊಂಡು ಅಂದಿದ್ದಳು: “ಬಂದೀ ಏನಪಾ? ಕೈಕಾಲ ತೊಳಕೋ. ಚಹಾ ಇಟ್ಟೇನಿ, ಕುಡದ ಹೋಗು.”

ಆಟ ಚೆನ್ನಾಗಿರಲಿಲ್ಲ. ಒಡಹುಟ್ಟಿದವಳಾಗಿ ಹೇಳುತ್ತಿದ್ದೇನೆ, ಕೆಟ್ಟದಾಗಿತ್ತು. ಮನುಷ್ಯರು ಗೋಡೆಯೊಳಗಿಂದ ಹಾದು ಹೋಗುತ್ತಿದ್ದರು. ಅಂಗಳದಲ್ಲಿ ಮುಧೋಳದ ಬೇಟೆನಾಯಿ ಇರಲೇಬೇಕೆಂದು ತಮ್ಮ ಹಟ ಹಿಡಿದು ಬಿಡಿಸಿದ್ದ; ಅದು ಬಡಕಲು ಆಡಿನಂತೆ ಕಾಣುತ್ತಿತ್ತು, ಸಾಲದ್ದಕ್ಕೆ ಹಿಂದಕ್ಕೆ ನಡೆಯುತ್ತಿತ್ತು. ಇವೆಲ್ಲ ನಕ್ಕು ಬಿಡಬಹುದಾದವು. ನಿಜವಾದ ಎಡವಟ್ಟು ಬೇರೆ ಕಡೆ ಆಗಿತ್ತು. ಆಟ ನಿಲ್ಲಿಸಿ ಹೊರಬೀಳುವ ಗುಂಡಿಯ ಮೇಲೆ ತಮ್ಮ ‘ಬರ್ತೇನಿ’ ಎಂದು ಬರೆದಿದ್ದ. ಇನ್ನೇನು ಬರೆದಾನು? ನಮ್ಮ ಮನೆಯ ಬಾಗಿಲಿಗೆ ‘ಹೋಗ್ತೇನಿ’ ಎಂದು ಬರೆಯಲು ಅವನ ಕೈ ಏಳಲಿಲ್ಲ. ಗೆಳೆಯ ಆ ಪದದ ಅರ್ಥವನ್ನು ನೆಟ್ಟಿನಲ್ಲಿ ಹುಡುಕಿದ. ‘ನಾನು ಬರುತ್ತೇನೆ’ ಎಂದು ಸಿಕ್ಕಿತು. ಬರುತ್ತೇನೆ ಎನ್ನುವವನನ್ನು ಒಳಗೆ ಕರೆದುಕೊಳ್ಳಬೇಕಲ್ಲ, ಆ ಗುಂಡಿ ಒತ್ತಿದರೆ ಮೊದಲಿನ ಪಡಸಾಲೆಗೇ ಬಂದು ನಿಲ್ಲುವಂತೆ ಮಾಡಿಟ್ಟ. ಇಬ್ಬರೂ ತಂತಮ್ಮ ಕಂಪ್ಯೂಟರಿನಲ್ಲಿ ಆಟವನ್ನು ಕೋಡಿನ ಕಡೆಯಿಂದಲೇ ನಿಲ್ಲಿಸುತ್ತಿದ್ದರು, ಆ ಗುಂಡಿಯನ್ನು ಒಮ್ಮೆ ಒತ್ತಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಗುಂಡಿ ಎಂದರೆ ತಗ್ಗು ಎಂತಲೂ ಅರ್ಥ. ಕೊಂಡವರು ಅದರಲ್ಲಿ ಬಿದ್ದರು. ಆಡಿ ಆಡಿ ಸಾಕಾದವನು ‘ಬರ್ತೇನಿ’ ಒತ್ತುತ್ತಾನೆ, ಮತ್ತೆ ಪಡಸಾಲೆಯಲ್ಲಿ ನಿಂತಿರುತ್ತಾನೆ, ಅವ್ವ ಒಳಗಿನಿಂದ ಚಹಾ ಇಟ್ಟೇನಿ ಅನ್ನುತ್ತಾಳೆ. ಮತ್ತೆ ಒತ್ತುತ್ತಾನೆ, ಮತ್ತೆ ಅವ್ವ, ಮತ್ತೆ ಚಹಾ. ಕಂಪ್ಯೂಟರನ್ನೇ ಆರಿಸದ ಹೊರತು ನಮ್ಮ ಮನೆಯಿಂದ ಯಾರಿಗೂ ಬಿಡುಗಡೆ ಇರಲಿಲ್ಲ.

ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯೊಂದರಲ್ಲಿ ಗೆಳೆಯ ತನ್ನ ಖಾತೆಯಿಂದ ಅದನ್ನು ಇಟ್ಟಿದ್ದ. ಕೆಲವರು ಕೊಂಡರು, ಕೊಂಡವರು ಉಗಿದು ಬರೆದರು. ಆಮೇಲೆ ಓದು ಮುಗಿಯಿತು. ಗೆಳೆಯ ಊರೂರು ತಿರುಗಿದ, ಅವನ ಲ್ಯಾಪ್‌ಟಾಪ್ ಕೆಟ್ಟು ಕೋಡೆಲ್ಲ ಹಾಳಾಗಿ ಹೋಯಿತು, ಅಲ್ಲಿಗೆ ತಪ್ಪನ್ನು ತಿದ್ದುವ ದಾರಿಯೂ ಮುಚ್ಚಿತು. ತಮ್ಮ ಮುಧೋಳದ ಹತ್ತಿರ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವಲ್ಲಿ ಕಂಪ್ಯೂಟರಿನ ಮುಂದೆ ಕುಳಿತ. ನಾನು ಮದುವೆಯಾಗಿ ಜಮಖಂಡಿಗೆ ಬಂದು ಶಾಲೆಯಲ್ಲಿ ಟೀಚರಾದೆ. ಅಪ್ಪ ಹೋದ. ಆಟವನ್ನು ನಾವೆಲ್ಲ ಮರೆತೆವು, ಆದರೆ ಅಂಗಡಿಗೆ ಮರೆವು ಎಂಬುದಿಲ್ಲ.

ಕಳೆದ ವರ್ಷ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಊಟದ ಹೊತ್ತಿಗೆ ಜೊತೆಯ ಟೀಚರೊಬ್ಬರು ಬಿದ್ದು ಬಿದ್ದು ನಗುತ್ತ ಮೊಬೈಲನ್ನು ನನ್ನ ಮುಂದೆ ಹಿಡಿದರು. ಹಳೆಯ ಕೆಟ್ಟ ಆಟಗಳನ್ನು ಹುಡುಕಿ ಆಡಿ ನಗಿಸುವ ಒಬ್ಬಾತನ ವಿಡಿಯೋ. ಅವನು ಪದೇ ಪದೇ ‘ಬರ್ತೇನಿ’ ಒತ್ತುತ್ತಿದ್ದಾನೆ, ಹಣೆ ಚಚ್ಚಿಕೊಳ್ಳುತ್ತಿದ್ದಾನೆ, ಯವ್ವಾ ನನ್ನನ್ನು ಬಿಟ್ಟುಬಿಡು ಎಂದು ಕೈ ಮುಗಿಯುತ್ತಿದ್ದಾನೆ. ಒಳಗಿನಿಂದ ನನ್ನ ಹಡೆದವ್ವನ ದನಿ. ಅದು ನಮ್ಮವ್ವ ಎಂದು ಹೇಳಲೂ ಆಗಲಿಲ್ಲ, ನಗದೆ ಇರಲೂ ಆಗಲಿಲ್ಲ. ಎಲ್ಲರ ಜೊತೆ ಹಲ್ಲು ಕಿರಿದೆ.

ಅಂಗಡಿಯ ಪುಟ ತೆಗೆದು ನೋಡಿದರೆ ಆಟಕ್ಕೆ ಹೊಸ ಜೀವ ಬಂದಿತ್ತು. ಗೇಲಿ ಮಾಡಲಿಕ್ಕೆಂದೇ ಜನ ಕೊಳ್ಳುತ್ತಿದ್ದರು. ಇಷ್ಟು ಹೊತ್ತಾಯಿತು, ಚಹಾ ಎಲ್ಲಿ, ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ಎಲ್ಲರೂ ಅದನ್ನೇ ಕೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಜಮಖಂಡಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳೂ ಕೊಳೆತದ್ದನ್ನು ಬುಟ್ಟಿಯಿಂದ ತೆಗೆದು ದನಕ್ಕೆ ಹಾಕುತ್ತಾಳೆ. ಈ ಅಂಗಡಿಗೆ ಅಷ್ಟೂ ನಾಚಿಕೆ ಇಲ್ಲವೇ? ಎಲ್ಲರೂ ಕೆಟ್ಟದ್ದು ಎಂದಿರುವುದನ್ನು ಯಾಕೆ ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿದೆ?

ನನ್ನ ಉರಿ ದೊಡ್ಡದಲ್ಲ, ತಮ್ಮನದು ಅದಕ್ಕಿಂತ ದೊಡ್ಡದಾಗಿತ್ತು. ಅವನು ವಿಡಿಯೋವನ್ನು ನನಗಿಂತ ಮೊದಲೇ ನೋಡಿದ್ದ, ಯಾರಿಗೂ ಹೇಳಿರಲಿಲ್ಲ. ಈ ಸೀಮೆಯಲ್ಲಿ ಆ ಮಾತಿನಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು? ಕಬ್ಬು ಇಳಿಸಿ ಹೊರಡುವ ಪ್ರತಿಯೊಬ್ಬ ಟ್ರ್ಯಾಕ್ಟರಿನವನೂ ಅವನ ಕಿಟಕಿಯ ಮುಂದೆ “ಬರ್ತೇನ್ರಿ ಸಾಹೇಬ್ರ” ಅನ್ನುತ್ತಾನೆ. ಪಾಪ, ಅವರು ಮಾತಿಗೆ ಅನ್ನುವುದು, ಇವನಿಗೆ ಪ್ರತಿ ಸಲವೂ ಆ ವಿಡಿಯೋದವನ ನಗು ಕೇಳುತ್ತಿತ್ತು. ಬೀಳಗಿಯಲ್ಲಿ ನಮ್ಮ ಬಳಗದವರ ಮದುವೆಗೆ ಬಂದವನು ಊಟ ಮಾಡಿ, ಹಿರಿಯರಿಗೆ ಹೇಳಿ ಹೊರಡಬೇಕಾಗುತ್ತದೆಂದು ಅಡುಗೆಯವರ ಹಿಂಬಾಗಿಲಿನಿಂದ ಹೊರಟುಹೋದ. ಬನಹಟ್ಟಿಗೆ ವಾರಕ್ಕೊಮ್ಮೆ ಬರುತ್ತಿದ್ದ, ಆದರೆ ಹೊರಡುವಾಗ ಬಾಯಿ ಬಿಡುತ್ತಿರಲಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಓಣಿ ಖಾಲಿಯಾಗಿರುತ್ತಿತ್ತು.

ಅವ್ವ ನನಗೆ ಫೋನು ಮಾಡಿ ಕೇಳಿದಳು, “ಅವಗ ನನ್ನ ಮ್ಯಾಲ ಏನ ಸಿಟ್ಟ ಐತಿ? ಹೇಳದ ಹೋಗ್ತಾನಲ್ಲ ಯವ್ವಾ.” ನಾನು ಕೆಲಸದ ಚಿಂತೆ ಇರಬೇಕು ಎಂದು ತೇಲಿಸಿದೆ. ಖರೆ ಹೇಳಿದರೆ ಊರಿಗೆ ಊರೇ ಅವಳ ದನಿ ಕೇಳಿ ನಗುತ್ತಿರುವುದನ್ನೂ ಹೇಳಬೇಕಾಗುತ್ತಿತ್ತು. ತಮ್ಮ ಅವ್ವನಿಂದ ಮುಖ ಮರೆಸಿಕೊಂಡು ತಿರುಗುತ್ತಿದ್ದ, ನಾನು ಇಬ್ಬರ ನಡುವೆ ಸುಳ್ಳು ಪೋಣಿಸುತ್ತಿದ್ದೆ, ಅವ್ವ ಏನೂ ಗೊತ್ತಿಲ್ಲದೆ ಕೊರಗುತ್ತಿದ್ದಳು. ಮೂವರೂ ಆ ಆಟದೊಳಗೇ ಸಿಕ್ಕಿಬಿದ್ದಿದ್ದೆವು. ಉಳಿದವರಿಗೆ ಕಂಪ್ಯೂಟರ್ ಆರಿಸುವ ದಾರಿಯಾದರೂ ಇತ್ತು.

ಆಟವನ್ನು ತೆಗೆಸಬೇಕಾದರೆ ಬಿಹಾರದ ಗೆಳೆಯನೇ ತೆಗೆಸಬೇಕು. ಅವನು ಎಷ್ಟೋ ತಿಂಗಳು ಸಿಗಲಿಲ್ಲ, ಸಿಕ್ಕಾಗ ಜನ ನಗಲಿ ಬಿಡು ಎಂದ. ತಮ್ಮ ಗೋಗರೆದ ಮೇಲೆ ಕೊನೆಗೆ ಖಾತೆಯನ್ನೇ ಇವನ ಕೈಗೆ ಕೊಟ್ಟ. ಅದು ಸಿಕ್ಕ ಭಾನುವಾರ ತಮ್ಮ ಬನಹಟ್ಟಿಗೆ ಬಂದ, ನನ್ನನ್ನೂ ಕರೆಸಿಕೊಂಡ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತ. ಇನ್ನೊಂದು ಗುಂಡಿ ಒತ್ತಿದರೆ ಆಟ ಅಂಗಡಿಯಿಂದ ಅಳಿದುಹೋಗುತ್ತಿತ್ತು.

ಯಾಕೋ ಆಗ ನನಗೆ ಮನಸ್ಸು ಹಿಂಜರಿಯಿತು. ತೆಗೆ ಎಂದು ಅಷ್ಟು ದಿನ ಹಾರಾಡಿದವಳು ನಾನೇ. ಆದರೆ ಅಪ್ಪನ ಕೆಲಸದ ರೀತಿ ನೆನಪಾಯಿತು. ಎಳೆ ತಪ್ಪಿದ ಸೀರೆಯನ್ನು ಅಪ್ಪ ಸುಡುತ್ತಿರಲಿಲ್ಲ, ಗಂಟಿನ ಅಡಿಗೆ ಮುಚ್ಚಿಡುತ್ತಲೂ ಇರಲಿಲ್ಲ. ಎಳೆ ತಪ್ಪಿದ ಆ ಡಾಗು ಇರುವ ಮಗ್ಗುಲನ್ನೇ ಮೇಲೆ ಮಾಡಿ ಮಡಚುತ್ತಿದ್ದ, ಬಂದವರ ಮುಂದೆ ಮೊದಲು ಅದನ್ನೇ ಬಿಚ್ಚುತ್ತಿದ್ದ. ಬೇಕಾದವರು ತಿಳಿದು ಒಯ್ಯುತ್ತಿದ್ದರು. ಅಂಗಡಿ ಕೆಟ್ಟದ್ದನ್ನು ಮಾರುವುದು ತಪ್ಪಲ್ಲ, ಡಾಗು ಒಳಗೆ ಹಾಕಿ ಮಾರುವುದು ತಪ್ಪು, ನೀನೂ ಡಾಗು ಮೇಲೆ ಮಾಡಿ ಇಡು, ಎಂದು ತಮ್ಮನಿಗೆ ಹೇಳಿದೆ. ಅವನು ತಲೆ ಎತ್ತದೆ ಹೇಳಿದ, “ಸೀರಿ ಉಟ್ಟ ಉಟ್ಟ ಹರಿತೈತಿ. ಇದು ಹರಿಯೂದಿಲ್ಲಕ್ಕಾ.”

ಅವನ ಮಾತು ಖರೆ ಇತ್ತು. ನಾವು ಸತ್ತ ಮೇಲೂ ಆ ಅಂಗಡಿಯಲ್ಲಿ ಅವ್ವ ಚಹಾ ಇಟ್ಟೇನಿ ಅನ್ನುತ್ತಲೇ ಇರುತ್ತಾಳೆ, ಯಾರೋ ನಗುತ್ತಲೇ ಇರುತ್ತಾರೆ. ಅಷ್ಟರಲ್ಲಿ ಅವ್ವ ಪಡಸಾಲೆಗೆ ಬಂದು ಅಕ್ಕ ತಮ್ಮ ಏನು ಗುಸುಗುಸು ನಡೆಸಿದ್ದೀರಿ ಎಂದು ಕೇಳಿದಳು. ನನಗೆ ಸುಳ್ಳು ಹೇಳಿ ಹೇಳಿ ರೋಸಿಹೋಗಿತ್ತು. ತಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಅನ್ನುತ್ತಿದ್ದರೂ ವಿಡಿಯೋ ಹಚ್ಚಿ ಅವಳ ಕೈಗೆ ಮೊಬೈಲ್ ಕೊಟ್ಟುಬಿಟ್ಟೆ.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಮೊದಲು ತನ್ನ ದನಿ ಗುರುತು ಹಿಡಿದು ಹಿಗ್ಗಿದಳು. ಆಮೇಲೆ, ಆ ಮನುಷ್ಯ ಯಾಕೆ ಹಾಗೆ ನಗುತ್ತಾನೆ ಎಂದು ಕೇಳಿದಳು. ನಾನು ಗುಂಡಿಯ ಕಥೆಯನ್ನೆಲ್ಲ ಹೇಳಿದೆ. ಹೊರಗೆ ಹೋಗಲು ಅವನು ‘ಬರ್ತೇನಿ’ ಒತ್ತುತ್ತಾನೆ, ಆಟ ಅವನನ್ನು ತಿರುಗಿ ಮನೆಯೊಳಗೇ ತರುತ್ತದೆ, ಅದು ತಪ್ಪು, ಅದಕ್ಕೇ ಜನ ನಗುತ್ತಾರೆ ಎಂದೆ. ತಮ್ಮ ನೆಲ ನೋಡುತ್ತ ಕುಳಿತಿದ್ದ.

“ಬರ್ತೇನಿ ಅಂದಮ್ಯಾಲ ಬರಬೇಕಲ್ಲ,” ಅಂದಳು ಅವ್ವ. “ಅದರಾಗ ತಪ್ಪೇನೈತಿ?”

ಮತ್ತೊಮ್ಮೆ ಹಚ್ಚು ಎಂದು ಮೊಬೈಲನ್ನು ನನ್ನ ಕಡೆ ಚಾಚಿದಳು. ಎರಡನೆಯ ಸಲ ನಗುವವನ ಕಡೆ ಅವಳ ಗಮನ ಇರಲಿಲ್ಲ. ಆ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಕನ್ನಡಕ ತೆಗೆದು, ಯಾರಿಗೂ ಅಲ್ಲದಂತೆ ಅಂದಳು, “ಬರ್ತೇನಿ ಅಂದವರು ಇದರಾಗಾದ್ರೂ ತಿರಗಿ ಬರ್ತಾರ.”

ಶೆಡ್ಡಿನಲ್ಲಿ ಮಗ್ಗ ಓಡುತ್ತಿತ್ತು. ನಾವಿಬ್ಬರೂ ಅವಳ ಮುಖ ನೋಡಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ತಮ್ಮ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಆಟದ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದ: ಈ ಮನಿಗೆ ಬಂದವರಿಗೆ ಹೊರಗ ಹೋಗಾಕ ಬರೂದಿಲ್ಲ, ತಿಳದು ತಗೋರಿ. ಆಟವನ್ನು ಅಳಿಸಲಿಲ್ಲ. ನಾನು ಹೂಂ ಅಂದೆ, ಅವನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡ.

ಸಂಜೆಯ ಪಾಳಿಗೆ ಅವನು ಮುಧೋಳದ ಬಸ್ಸು ಹಿಡಿಯಬೇಕಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವ ಬಾಗಿಲಿಗೆ ಓಡಿ ಬರಲಿಲ್ಲ, ಅಲ್ಲೇ ಕಿವಿಗೊಟ್ಟು ನಿಂತಿದ್ದಾಳೆ ಎಂದು ನನಗೆ ಗೊತ್ತಾಯಿತು. ಇವತ್ತೂ ಹೇಳದೆ ಹೋದರೆ ಇವನನ್ನು ನಾನು ಕ್ಷಮಿಸುವುದಿಲ್ಲ ಅಂದುಕೊಂಡೆ. ಅವನು ಓಣಿಯ ಕಡೆ ಮುಖ ಮಾಡಿ ನಿಂತಿದ್ದ, ಬೆನ್ನು ಮಾತ್ರ ಕಾಣುತ್ತಿತ್ತು.

“ಬರ್ತೇನಿ,” ಅಂದ.

ಒಳಗಿನಿಂದ ಅವ್ವನ ದನಿ ಬಂತು. “ಚಹಾ ಇಟ್ಟೇನಿ, ಕುಡದ ಹೋಗು.”

ಅವನು ಚಪ್ಪಲಿ ಬಿಟ್ಟು ತಿರುಗಿ ಒಳಗೆ ಬಂದು ಪಡಸಾಲೆಯ ನಡುವೆ ನಿಂತ. ನಿಂತ ಮೇಲೆ ಅವನಿಗೆ ಹೊಳೆಯಿತು. ನನ್ನ ಮುಖ ನೋಡಿದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ, ಅವನೂ ನಕ್ಕುಬಿಟ್ಟ. ನಗುತ್ತ ನಗುತ್ತ ಗೋಡೆಗೆ ಒರಗಿ ಕುಳಿತು ಅಳತೊಡಗಿದ. ಅವ್ವ ಚಹಾದ ಕಪ್ಪು ಹಿಡಿದು ಬಂದು, ಇವಕ್ಕೆ ಏನಾಯಿತು ಎಂಬಂತೆ ಇಬ್ಬರನ್ನೂ ನೋಡಿ, ಅವನ ಕೈಗೆ ಕಪ್ಪು ಕೊಟ್ಟು ಪಕ್ಕದಲ್ಲಿ ಕುಳಿತಳು. ಅವತ್ತು ಅವನಿಗೆ ಮುಧೋಳದ ಬಸ್ಸು ತಪ್ಪಿತು.